ಮಲಂಗ್ ದಾರಿಯ ಕರಿಹಲಗೆ

ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ವಸತಿ ಭಾಗದಲ್ಲಿದ್ದ ಆ ಉಡುಪಿ ಹೋಟೆಲಿನ ಬಾಗಿಲಲ್ಲಿ ಒಂದು ಕರಿಹಲಗೆ ನಿಲ್ಲಿಸಿರುತ್ತಿದ್ದರು. ಮೇಲರ್ಧದಲ್ಲಿ ಆ ದಿನದ ತಿಂಡಿಗಳ ಹೆಸರು. ಕೆಳಗರ್ಧ ವರ್ಷದ ಹೆಚ್ಚು ಕಾಲ ಖಾಲಿ. ಮಳೆ ಹಿಂದೆಗೆದು ದಸರೆ ಹತ್ತಿರ ಬಂತೆಂದರೆ ಅಲ್ಲಿ ದೇವನಾಗರಿಯಲ್ಲಿ ಒಂದು ಸಾಲು ಏಳುತ್ತಿತ್ತು: ‘ಮಲಂಗ್ ದಾರಿ – ಇಡ್ಲಿ ಹಿಟ್ಟು’ ಎಂದೋ, ‘ಮಲಂಗ್ ದಾರಿ – ವಡೆ ಹಿಟ್ಟು’ ಎಂದೋ. ಹೊಸ ಗಿರಾಕಿಗಳು ಅದನ್ನೂ ತಿಂಡಿಯೆಂದು ತಿಳಿದು ಒಂದು ಪ್ಲೇಟ್ ಕೇಳಿದ್ದುಂಟು. ಸೈಕಲ್ ಸವಾರರಿಗೆ ಮಾತ್ರ ಅದು ದಾರಿಯ ಕೆಸರಿನ ವರದಿ ಎಂಬುದು ಗೊತ್ತಿತ್ತು.

ಬರೆಯುತ್ತಿದ್ದವನು ಅಡುಗೆಮನೆಯ ಮುಖ್ಯಸ್ಥ ಭುಜಂಗ ದೇವಾಡಿಗ. ಬೆಳ್ಮಣ್ಣಿನಿಂದ ಹದಿನಾರನೆಯ ವಯಸ್ಸಿಗೆ ಬಂದು, ಹಿಟ್ಟು ರುಬ್ಬುವ ಕೆಲಸದಿಂದ ಮೇಲೇರಿದವನು. ಗ್ರೈಂಡರಿನಿಂದ ಚಿಟಿಕೆ ಹಿಟ್ಟು ತೆಗೆದು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿದರೆ ಸಾಕು, ಇನ್ನೆಷ್ಟು ನೀರು ಬೇಕೆಂದು ಹೇಳುತ್ತಿದ್ದ. ಮಧ್ಯಾಹ್ನದ ಊಟ ಮುಗಿದ ಮೇಲೆ ಎರಡು ತಾಸು ಅವನಿಗೆ ಬಿಡುವು. ಆ ಬಿಡುವಿನಲ್ಲಿ ವಾರಕ್ಕೆ ಎರಡು ಸಲ ತನ್ನ ಹಳೆಯ ಕರಿ ಸೈಕಲ್ ಹತ್ತಿ ಮಲಂಗ್ ಗಡ ಎಂಬ ಕೋಟೆಗುಡ್ಡದ ಬುಡದ ಪುಟ್ಟ ಹಳ್ಳಿಯೊಂದಕ್ಕೆ ಹೋಗಿ ಹೋಟೆಲಿಗೆ ಬಾಳೆಲೆ ಕಟ್ಟು ತರುತ್ತಿದ್ದ. ಖೋಣಿಯ ಹತ್ತಿರ ಡಾಂಬರು ಬಿಟ್ಟು, ಗುಡ್ಡದ ಬುಡ ಬಳಸಿ ನೇವಾಳಿಗೆ ಇಳಿಯುವ ಹನ್ನೊಂದು ಕಿಲೋಮೀಟರಿನ ಕಚ್ಚಾ ದಾರಿ ಹೀಗೆ ಅವನಿಗೆ ಪರಿಚಯವಾಯಿತು.

2004ರ ಅಕ್ಟೋಬರಿನಲ್ಲಿ ಒಂದು ಭಾನುವಾರ ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡ ನಾಲ್ವರು ತರುಣರು ಗೇರಿನ ಸೈಕಲ್‌ಗಳನ್ನು ಹೊರಗೆ ಒರಗಿಸಿ ಇಡ್ಲಿ ತಿನ್ನಲು ಬಂದರು. ಅವರಲ್ಲಿ ಒಬ್ಬ ಸಮಿತ್. ಕಾರ್ಕಳದ ಕಡೆಯವರ ಮಗ, ಡೊಂಬಿವಲಿಯಲ್ಲೇ ಹುಟ್ಟಿದವ. ಕನ್ನಡ ಪೂರಾ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ.

“ಮಳೆ ನಿಂತು ಎರಡು ದಿನ ಆಗಲಿಲ್ಲ, ಆಗಲೇ ಹೊರಟಿರಾ? ಮಲಂಗ್ ದಾರಿ ಈಗ ನೀರುದೋಸೆ ಹಿಟ್ಟು. ವಡೆ ಹಿಟ್ಟು ಆದ ಮೇಲೆ ಹೋಗಬೇಕು,” ಎಂದ ಭುಜಂಗ.

“ತೋ ಅಂಕಲ್, ವಡಾ ಕಬ್ ಬನೇಗಾ?” ವಡೆ ಯಾವಾಗ ಆಗುತ್ತದೆ ಎಂದು ಸಮಿತ್ ಕೇಳಿದ.

ಹಲಗೆಯ ಪದ್ಧತಿ ಹುಟ್ಟಿದ್ದು ಹಾಗೆ. ನೀರುದೋಸೆ ಎಂದರೆ ಮನೆಯಲ್ಲೇ ಇರಿ. ಇಡ್ಲಿ ಎಂದರೆ ಅರ್ಧ ದಾರಿ ಸೈಕಲ್ ತಳ್ಳಬೇಕು. ವಡೆ ಎಂದರೆ ಹೋಗಬಹುದು. ದಸರೆಯ ನಂತರದ ಮೊದಲ ಭಾನುವಾರ ಸೀಸನ್ ತೆರೆಯುವ ದಿನವೆಂದು ಆಯಿತು. ನಾಲ್ಕು ತಿಂಗಳು ಸೈಕಲ್ಲನ್ನು ಗೋಡೆಗೆ ನಿಲ್ಲಿಸಿ ಬೇಸತ್ತವರು ಠಾಣೆ, ವಾಶಿ, ಕಲ್ಯಾಣಗಳಿಂದ ಬೆಳಗಿನ ಲೋಕಲ್‌ಗಳ ಲಗೇಜು ಡಬ್ಬಿಯಲ್ಲಿ ಸೈಕಲ್ ಹಾಕಿಕೊಂಡು ಬರುತ್ತಿದ್ದರು. ಗುಡ್ಡದ ಇಳಿಜಾರಿನಲ್ಲಿ ಸೋನ್ಕಿಯ ಹಳದಿ ಹೂ, ತೊರೆಯಲ್ಲಿ ಇನ್ನೂ ಪಾದ ಮುಳುಗುವಷ್ಟು ನೀರು, ಹುಲ್ಲು ಹಸಿರು ಬಿಟ್ಟು ಕಂದುಬಣ್ಣಕ್ಕೆ ತಿರುಗುವ ಹೊತ್ತು. ಆ ಎರಡು ಮೂರು ವಾರಗಳ ಚೆಲುವನ್ನು ನೋಡಿದವರು ಈಗಲೂ ಅದರ ಮಾತು ತೆಗೆಯುತ್ತಾರೆ. ನಾಲ್ಕು ವರ್ಷ ಭುಜಂಗನ ಹಲಗೆ ಒಮ್ಮೆಯೂ ತಪ್ಪಲಿಲ್ಲ.

2008ರಲ್ಲಿ ತಪ್ಪಿತು. ಆ ವರ್ಷ ಗುಡ್ಡದ ಬದಿಯ ಒಂದು ಜಮೀನಿಗೆ ಯಾರೋ ತಂತಿಬೇಲಿ ಹಾಕಿದ್ದರು. ಅಷ್ಟು ಭಾಗದಲ್ಲಿ ದಾರಿ ಕೆಳಗೆ ಸರಿದು, ಪಾಳುಬಿದ್ದ ಭತ್ತದ ಗದ್ದೆಗಳ ನಡುವೆ ಹಾಯತೊಡಗಿತ್ತು. ಮೇಲಿನ ದಾರಿ ಕೆಂಪು ಮಣ್ಣಿನದು, ಕೆಳಗಿನದು ಕಪ್ಪು. ಭುಜಂಗ ಹುಟ್ಟಿ ಬೆಳೆದದ್ದು ಕೆಂಪು ಮುರಕಲ್ಲಿನ ಊರಲ್ಲಿ. ಅಲ್ಲಿ ಎಂಥ ಮಳೆ ಬಂದರೂ ನೀರು ಇಳಿದುಹೋಗುತ್ತದೆ. ಎರಡು ಬಿಸಿಲಿಗೆ ಮೇಲ್ಮಣ್ಣು ಒಣಗಿತೆಂದರೆ ಒಳಗೂ ಒಣಗಿದಂತೆಯೇ. ಅವನು ಅಭ್ಯಾಸದಂತೆ ಗದ್ದೆಯ ಮಣ್ಣನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಗಟ್ಟಿಯಿತ್ತು. ಹಲಗೆಯ ಮೇಲೆ ವಡೆ ಹಿಟ್ಟು ಎಂದು ಬರೆದ.

ಹದಿಮೂರು ಜನ ಹೋದರು. ಗದ್ದೆಯ ಮಧ್ಯೆ ಮೇಲಿನ ಪದರ ಒಡೆದು ಗಾಲಿಗಳು ಹೂತವು. ಬ್ರೇಕಿನ ಸಂದಿಗೆಲ್ಲ ಅಂಟುಮಣ್ಣು ತುಂಬಿತು. ಎಲ್ಲರಿಗಿಂತ ಮುಂದೆ ವೇಗವಾಗಿ ಹೋಗುತ್ತಿದ್ದ ಸಮಿತ್ ಹ್ಯಾಂಡಲಿನ ಮೇಲಿಂದ ಹಾರಿ ಬದುವಿನ ಕಲ್ಲಿಗೆ ಬಿದ್ದ. ಬಲಗಡೆಯ ಕೊರಳೆಲುಬು ಮುರಿಯಿತು.

ಎರಡು ವಾರದ ಮೇಲೆ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಬಂದು, ಎಡಗೈಯಲ್ಲಿ ದೋಸೆ ಮುರಿಯುತ್ತ ಸಮಿತ್ ಹೇಳಿದ್ದು ಇಷ್ಟೇ: “ಅಂಕಲ್, ಊಪರ್ ವಡಾ ಥಾ. ಅಂದರ್ ಇಡ್ಲಿ ನಿಕ್ಲಾ.”

ಮೇಲೆ ವಡೆ, ಒಳಗೆ ಇಡ್ಲಿ ಎಂಬ ಮಾತಿಗೆ ಸುತ್ತಲಿದ್ದವರು ನಕ್ಕರು. ಭುಜಂಗ ಒಳಗೆ ಹೋಗಿ ಒದ್ದೆ ಬಟ್ಟೆ ತಂದು ಹಲಗೆಯ ಕೆಳಗರ್ಧ ಒರೆಸಿದ.

ಮನೆಯಲ್ಲಿ ಹೆಂಡತಿ ರತ್ನಾವತಿ ಸುಮ್ಮನೆ ಬಿಡಲಿಲ್ಲ. “ಹಿಟ್ಟು ನೋಡುವ ಕೈ ನಿಮ್ಮದು. ಮಣ್ಣು ನೋಡಲಿಕ್ಕೆ ಯಾರು ಹೇಳಿದ್ದು?”

“ಅವರೇ ಕೇಳಿದ್ದಲ್ವಾ?”

“ಕೇಳಿದರೆ ಗೊತ್ತಿಲ್ಲ ಅನ್ನಲಿಕ್ಕೆ ಬಾಯಿ ಇರಲಿಲ್ವಾ?”

ಹಿಟ್ಟಿನ ವಿಷಯದಲ್ಲಿ ಮೂವತ್ತು ವರ್ಷದಿಂದ ಅವನ ಮಾತಿಗೆ ಯಾರೂ ಎದುರಾಡಿದ್ದಿಲ್ಲ. ಈಗ ತನ್ನ ಮಾತು ನಂಬಿ ಹೋದ ಹುಡುಗನ ಎಲುಬು ಮುರಿದಿತ್ತು. ಇನ್ನು ಯಾವ ಮುಖ ಇಟ್ಟುಕೊಂಡು ಹಲಗೆಯ ಮೇಲೆ ಬರೆಯುವುದು ಎಂಬುದೊಂದೇ ಅವನ ತಲೆಯಲ್ಲಿತ್ತು.

ಮರುವರ್ಷ ದಸರೆ ಮುಗಿದರೂ ಹಲಗೆ ಖಾಲಿಯೇ ಇತ್ತು. ಅದನ್ನು ಮೊದಲು ಕೇಳಿದವನು ಚಂದ್ರಾಮ. ಜೇವರ್ಗಿ ಕಡೆಯವನು, ವಿಠ್ಠಲವಾಡಿಯಲ್ಲಿ ಮನೆ. ಪ್ರತಿ ಶುಕ್ರವಾರ ಟೆಂಪೊದ ಜೊತೆ ಬಂದು ಹೋಟೆಲಿಗೆ ಅಕ್ಕಿ, ಉದ್ದಿನಬೇಳೆಯ ಚೀಲ ಇಳಿಸುತ್ತಿದ್ದ.

“ಶೆಟ್ಟರ, ಹಲಗಿ ಯಾಕ ಖಾಲಿ ಬಿಟ್ಟೀರಿ?”

“ನಾನು ಶೆಟ್ಟಿ ಅಲ್ಲ ಮಾರಾಯ, ಎಷ್ಟು ಸಲ ಹೇಳುವುದು?”

“ಹೋಟ್ಲದಾಗ ಇದ್ದವ್ರೆಲ್ಲ ನಮಗ ಶೆಟ್ಟರೇ ಬಿಡ್ರಿ.”

ಭುಜಂಗ ನಡೆದದ್ದನ್ನು ಹೇಳಿದ. ಚಂದ್ರಾಮ ಚೀಲದ ಮೇಲೆ ಕೂತು ಚಹಾ ಮುಗಿಸುವವರೆಗೂ ಕೇಳಿಸಿಕೊಂಡ.

“ಕರಿ ಮಣ್ಣಂತೀರಿ, ಮತ್ತ ಹೆಬ್ಬಟ್ಟು ಒತ್ತೀರಿ?” ಎಂದು ನಕ್ಕ. “ಎರಿ ಭೂಮಿ ಮ್ಯಾಲ ಹಪ್ಪಳ, ತಳದಾಗ ರಾಡಿ. ಮ್ಯಾಲ ಒತ್ತಿದ್ರ ಸುಳ್ಳ ಹೇಳ್ತದ ಅದು. ಬಿರುಕು ನೋಡಬೇಕ್ರಿ. ಬಿರುಕಿನ್ಯಾಗ ಬೆರಳು ಎರಡು ಗೆಣ್ಣು ಇಳೀಬೇಕು. ಅಲ್ಲೀತನ ನಮ್ಮ ಕಡಿ ಯಾರೂ ಹೊಲಕ್ಕ ಬಂಡಿ ಇಳಸಂಗಿಲ್ಲ.”

“ಬಂದು ನೋಡುತ್ತೀಯಾ?”

“ನಡೀರಿ. ಸೈಕಲ್ ನೀವು ತುಳೀರಿ, ನಾ ಹಿಂದ ಕೂಡ್ತೀನಿ. ಬೆಳಗಿನಿಂದ ಚೀಲ ಹೊತ್ತೀನಿ.”

ಐವತ್ತೊಂದು ವರ್ಷದ ಭುಜಂಗ ಏದುಸಿರು ಬಿಡುತ್ತ ತುಳಿದ. ಐದು ದಿನದಿಂದ ಬಿಸಿಲು ಕಾದಿತ್ತು. ಗದ್ದೆ ಬೂದುಬಣ್ಣಕ್ಕೆ ತಿರುಗಿ, ಅಂಗಳದ ಹಾಗೆ ಚೊಕ್ಕವಾಗಿ ಕಾಣುತ್ತಿತ್ತು. ಹೆಬ್ಬೆರಳು ಒತ್ತಿದರೆ ಕಳೆದ ವರ್ಷಕ್ಕಿಂತಲೂ ಗಟ್ಟಿ. ಚಂದ್ರಾಮ ಕುಕ್ಕರುಗಾಲಲ್ಲಿ ಕೂತು ಕೂದಲೆಳೆಯಂಥ ಬಿರುಕೊಂದಕ್ಕೆ ಕಿರುಬೆರಳು ಹಚ್ಚಿ ನೋಡಿದ.

“ಉಗುರೂ ಹೋಗವಲ್ದು. ಇನ್ನೂ ಹತ್ತು ದಿನ ಬೇಕ್ರಿ.”

ಭುಜಂಗ ತನ್ನ ಹೆಬ್ಬೆರಳನ್ನು ನೋಡಿಕೊಂಡ. ಮೂವತ್ತು ವರ್ಷ ಸುಳ್ಳು ಹೇಳದ ಬೆರಳು ಅದು. ಅದರ ಮಾತು ಬಿಟ್ಟು ಇವನ ಮಾತು ಬರೆಯಬೇಕು. ಬರೆದು, ಕೊನೆಗೆ ದಾರಿ ಚೆನ್ನಾಗಿಯೇ ಇತ್ತೆಂದಾದರೆ ಆ ಹಲಗೆಯನ್ನು ಮತ್ತೆ ಯಾರೂ ಓದುವುದಿಲ್ಲ. ಅದು ಗೊತ್ತಿದ್ದೂ ಆ ಸಂಜೆ ಬರೆದ: ‘ಮಲಂಗ್ ದಾರಿ – ಮೇಲೆ ವಡೆ, ಒಳಗೆ ನೀರುದೋಸೆ. ಹತ್ತು ದಿನ ಹೋಗಬೇಡಿ.’

ಭಾನುವಾರ ಬೆಳಿಗ್ಗೆ ಏಳಕ್ಕೆ ಮೂವತ್ತಕ್ಕೂ ಹೆಚ್ಚು ಜನ ಸೇರಿದರು. ಸಮಿತ್ ಹಲಗೆ ಓದಿ ಸೈಕಲ್ಲನ್ನು ಗೋಡೆಗೆ ಒರಗಿಸಿದ. ಠಾಣೆಯಿಂದ ಬಂದ, ಕಪ್ಪು ಕನ್ನಡಕದ ಸವಾರನೊಬ್ಬ ಅಡುಗೆಮನೆಯ ಕಿಟಕಿಯವರೆಗೂ ಬಂದ.

“ಪಿಛಲೇ ಸಾಲ್ ಜಾವೋ ಬೋಲಾ, ತೋ ಹಡ್ಡಿ ಟೂಟಾ. ಇಸ್ ಸಾಲ್ ಸಬ್ ಸೂಖಾ ಹೈ, ತೋ ಮತ್ ಜಾವೋ. ಅಚ್ಛಾ ಹೈ ಚಾಚಾ.” ಹೋದ ವರ್ಷ ಹೋಗಿ ಎಂದು ಎಲುಬು ಮುರಿಸಿದವನು ಈಗ ಎಲ್ಲ ಒಣಗಿರುವಾಗ ಹೋಗಬೇಡಿ ಎನ್ನುತ್ತಾನೆಂದು ಅವನ ಕೊಂಕು.

“ಹಾಂ. ಪಿಛಲೇ ಸಾಲ್ ಮೇರಾ ಗಲ್ತಿ ಥಾ,” ಎಂದು ಭುಜಂಗ ತನ್ನ ತಪ್ಪು ಒಪ್ಪಿಕೊಂಡ. ದೋಸೆ ಕಾವಲಿಯನ್ನು ಪಕ್ಕದವನಿಗೆ ಒಪ್ಪಿಸಿದ. ಭಾನುವಾರದ ಆ ಹೊತ್ತಿನಲ್ಲಿ ಅವನು ಒಲೆ ಬಿಟ್ಟು ಹೊರಬಂದದ್ದನ್ನು ಹೋಟೆಲಿನವರು ಹಿಂದೆಂದೂ ಕಂಡಿರಲಿಲ್ಲ. “ಚಲೋ. ಪೆಹ್ಲೆ ಮೈ ಜಾತಾ ಹೂಂ.” ಮೊದಲು ತಾನೇ ಹೋಗುತ್ತೇನೆ ಎಂದ.

ಕರಿ ಸೈಕಲ್ಲಿನ ಹಿಂದೆ ಮೂವತ್ತು ಬಣ್ಣಬಣ್ಣದ ಸೈಕಲ್‌ಗಳು ಹೊರಟವು. ಗದ್ದೆಯ ಅಂಚಿಗೆ ಬಂದಾಗ ಭುಜಂಗ ಸ್ಟ್ಯಾಂಡ್ ಹಾಕಿ, ಪಂಚೆ ಎತ್ತಿ ಕಟ್ಟಿ ಒಳಗೆ ನಡೆದ. ಮೊದಲ ಹೆಜ್ಜೆ ನಿಂತಿತು. ಎರಡನೆಯದೂ ನಿಂತಿತು. ಹಿಂದೆ ಯಾರೋ ನಕ್ಕರು. ಇಲ್ಲಿ ಗಟ್ಟಿ ನೆಲ ಸಿಗದಿರಲಿ ಎಂದು ಬೇಡಿಕೊಳ್ಳುವ ಸ್ಥಿತಿ ಭುಜಂಗನದು. ಐದನೆಯ ಹೆಜ್ಜೆಗೆ ನೆಲ ಸಣ್ಣಗೆ ಸದ್ದು ಮಾಡಿ ಒಡೆಯಿತು, ಕಾಲು ಮೀನಖಂಡದವರೆಗೆ ಇಳಿಯಿತು. ಕಿತ್ತುಕೊಂಡಾಗ ಕಾಲು ಬಂತು, ಚಪ್ಪಲಿ ಒಳಗೇ ಉಳಿಯಿತು.

ಸಮಿತ್ ತನ್ನ ಸೈಕಲ್ಲನ್ನು ತಿರುಗಿಸಿದ. ಒಬ್ಬೊಬ್ಬರಾಗಿ ಉಳಿದವರೂ ತಿರುಗಿಸಿದರು. ಠಾಣೆಯವನು ಕನ್ನಡಕ ತೆಗೆದು, ಬದುವಿನ ಮೇಲೆ ಬೋರಲು ಮಲಗಿ, ಕೈಯನ್ನು ಮೊಣಕೈಯವರೆಗೆ ಕೆಸರಿಗಿಳಿಸಿ ಚಪ್ಪಲಿ ಹುಡುಕಿ ಕೊಟ್ಟ.

“ಅಂಕಲ್, ಔರ್ ಕಿತ್ನೇ ದಿನ್?” ಇನ್ನೆಷ್ಟು ದಿನ ಎಂದು ಈಗ ಅವನೇ ಕೇಳಿದ.

“ಮುಝೇ ನಹೀಂ ಮಾಲೂಮ್,” ತನಗೆ ಗೊತ್ತಿಲ್ಲ ಎಂದ ಭುಜಂಗ. “ಶುಕ್ರವಾರ್ ಕೋ ಚಂದ್ರಾಮ್ ಆಯೇಗಾ. ಉಸ್ಕೋ ದಿಖಾಕೆ ಬೋಲೂಂಗಾ.” ಚಂದ್ರಾಮನಿಗೆ ತೋರಿಸಿದ ಮೇಲೆಯೇ ಹೇಳುವುದು.

ಆ ಭಾನುವಾರದಿಂದ ಹನ್ನೆರಡನೆಯ ದಿನಕ್ಕೆ ಚಂದ್ರಾಮನ ಬೆರಳು ಎರಡು ಗೆಣ್ಣು ಇಳಿಯಿತು. ಅಲ್ಲಿಂದ ಮುಂದೆ ಹಲಗೆಯಲ್ಲಿ ಎರಡು ಸಾಲು ಬರತೊಡಗಿದವು. ಉಳಿದ ಕೆಂಪು ಮಣ್ಣಿನ ದಾರಿಗೆ ಹಿಟ್ಟಿನ ಲೆಕ್ಕ, ಕೆಳಗಿನ ಗದ್ದೆಗೆ ಗೆಣ್ಣಿನ ಲೆಕ್ಕ. ‘ವಡೆ / ಅರ್ಧ ಗೆಣ್ಣು’ ಎಂದು ಬರೆದಿದ್ದರೆ ಬಂದವರು ಡಾಂಬರು ರಸ್ತೆಯಲ್ಲೇ ಬದಲಾಪುರದ ಕಡೆ ಹೋಗಿಬರುತ್ತಿದ್ದರು. ಹಾಗೆ ಆರು ಸೀಸನ್‌ಗಳು ನಡೆದವು. 2015ರಲ್ಲಿ ಗದ್ದೆಗಳಿಗೆ ಮುರುಮ್ ಎಂಬ ಗರಸು ಮಣ್ಣು ಸುರಿದು ಸಮತಟ್ಟು ಮಾಡಿದರು. ಆ ವರ್ಷ ಚಂದ್ರಾಮ ಹೋಗಿ ನೋಡಿ ಬಂದು, “ಬೆರಳು ಇಡಾಕ ಜಾಗ ಇಲ್ರಿ,” ಎಂದ. ಈಗ ಅಲ್ಲಿ ಇಪ್ಪತ್ತೆರಡು ಮಹಡಿಯ ಕಟ್ಟಡಗಳು ನಿಂತಿವೆ.

ಹೋಟೆಲ್ ಕೆಲಸ ಬಿಟ್ಟ ಮೇಲೆ ಭುಜಂಗ ಮತ್ತು ರತ್ನಾವತಿ ಪನ್ವೇಲ್ ಬಳಿಯ ಕಾಮೋಠೆಗೆ, ಮಗಳು ಸೋನಾಲಿಯ ಮನೆಗೆ ಬಂದರು. 2017ರಲ್ಲಿ ದಸರೆಯ ವಾರ ಸಮಿತ್ ಫೋನ್ ಮಾಡಿದ. ಪನ್ವೇಲಿನ ಆಚೆ ಗುಡ್ಡದ ಬುಡದಲ್ಲಿ ಹೊಸ ದಾರಿ ಸಿಕ್ಕಿದೆಯಂತೆ, ವಾಟ್ಸ್ಯಾಪ್ ಗ್ರೂಪಿನಲ್ಲಿ ಅರವತ್ತು ಜನ ಸಿದ್ಧರಾಗಿದ್ದಾರಂತೆ, ಫೋಟೊ ಕಳಿಸಲೇ ಎಂದು ಕೇಳಿದ.

“ಫೋಟೊದಲ್ಲಿ ಮೇಲಿನದು ಮಾತ್ರ ಕಾಣುವುದು. ನೋಡದೆ ನಾನು ಹೇಳುವುದಿಲ್ಲ.”

“ಇಸೀಲಿಯೇ ತೋ ಫೋನ್ ಕಿಯಾ, ಅಂಕಲ್. ಆಪ್ ದೋನೋ ಬೋಲೇಂಗೇ, ತಬ್ ಹೀ ಗ್ರೂಪ್ ಪೇ ಡಾಲೂಂಗಾ.” ಭುಜಂಗ, ಚಂದ್ರಾಮ ಇಬ್ಬರೂ ಹೇಳಿದ ಮೇಲೆಯೇ ಗ್ರೂಪಿಗೆ ಹಾಕುವುದು ಎಂದ.

ಶುಕ್ರವಾರ ಚಂದ್ರಾಮ ವಿಠ್ಠಲವಾಡಿಯಿಂದ ಠಾಣೆಗೆ, ಅಲ್ಲಿಂದ ಪನ್ವೇಲ್ ಗಾಡಿ ಹಿಡಿದು ಕಾಮೋಠೆಯ ಮಾನಸರೋವರ ಸ್ಟೇಷನ್ನಿನಲ್ಲಿ ಇಳಿದ. ಮಧ್ಯಾಹ್ನದ ಬಿಸಿಲಿನಲ್ಲಿ ಭುಜಂಗನೂ ಅವನೂ ರಿಕ್ಷಾ ಹತ್ತಿ ಗುಡ್ಡದ ಕಡೆ ಹೊರಟರು.