ಕತ್ತಿಸ್ವಾಮಿಯ ಹರಕೆ

ಬೆಳಗ್ಗೆ ಆರಕ್ಕೆ ಅಂಗಡಿಯ ಬಾಗಿಲು ಮೇಲಕ್ಕೆ ತಳ್ಳುವಾಗಲೇ ಅವನಿಗೆ ಸಾಕಾಗಿರುತ್ತಿತ್ತು. ಮೂವತ್ತೈದು ವರ್ಷ ಒಂದೇ ಮರದ ದಿಮ್ಮಿಯ ಮುಂದೆ ನಿಂತು ಮಾಂಸ ಕಡಿದರೆ ಸಾಕಾಗದೆ ಇನ್ನೇನಾದೀತು? ದಿಮ್ಮಿಯ ನಡುವೆ ಗುಳಿ ಬಿದ್ದಿತ್ತು, ಅವನ ಬಲಭುಜ ಒಂದು ಕಡೆ ಇಳಿದಿತ್ತು. ಗಿರಾಕಿಗಳು ಅವನನ್ನು ಕತ್ತಿಸ್ವಾಮಿ ಅನ್ನುತ್ತಿದ್ದರು. ಮಾಂಸ ಮಾರುವವನು ಮಾಂಸ ತಿನ್ನುವುದಿಲ್ಲ ಅಂದರೆ ಬೀದಿಗೆ ಇದಕ್ಕಿಂತ ದೊಡ್ಡ ತಮಾಷೆ ಬೇಕೇ!

"ಸ್ವಾಮಿಗಳೇ, ಎಳೇದಾ?"

"ಬಾಯಲ್ಲಿಟ್ರೆ ಕರಗುತ್ತೆ, ತಗೊಳ್ಳಿ."

"ನಿಮಗೆ ಹೆಂಗೆ ಗೊತ್ತು?"

"ಕೈಗೆ ಗೊತ್ತು. ಕೈ ಏನೂ ಹರಕೆ ಹೊತ್ತಿಲ್ಲವಲ್ಲ."

ದಿನಕ್ಕೆ ನಾಲ್ಕು ಸಲ ಇದೇ ಮಾತು. ಮೊದಮೊದಲು ಅವನೂ ನಗುತ್ತಿದ್ದ. ಆಮೇಲಾಮೇಲೆ ಆ ಮಾತು ಆಕಳಿಕೆಯ ಹಾಗೆ ತಾನಾಗಿಯೇ ಬಾಯಿಂದ ಬರುತ್ತಿತ್ತು.

ಬೀದಿಯವರ ಭಕ್ತಿಯೆಲ್ಲ ಅವನಿಗೆ ಬಾಯಿಪಾಠ. ಸೋಮವಾರ ಅರ್ಧ ಬೀದಿ ಇತ್ತ ತಲೆ ಹಾಕುವುದಿಲ್ಲ. ಗುರುವಾರ ದರ್ಜಿಯವನ ಮನೆ ಬಂದ್. ಶನಿವಾರ ಮೇಷ್ಟ್ರು ಅಂಗಡಿಯ ನೆರಳೂ ಸೋಕದ ಹಾಗೆ ರಸ್ತೆಯ ಆಚೆ ಬದಿಯಲ್ಲಿ ನಡೆಯುತ್ತಾರೆ, ಭಾನುವಾರ ಎಲ್ಲರಿಗಿಂತ ಮುಂಚೆ ಚೀಲ ಹಿಡಿದು ನಿಲ್ಲುತ್ತಾರೆ. ಒಬ್ಬಾಕೆ ತುಂಡು ಮುಟ್ಟುವುದಿಲ್ಲ, ಸಾರು ಮಾತ್ರ. ಇನ್ನೊಬ್ಬನಿಗೆ ಮನೆಯೊಳಗೆ ಆಗದು, ಜಗುಲಿಯ ಮೇಲಾದರೆ ಆದೀತು. ಅವನೇನೂ ಆಡಿಕೊಳ್ಳುತ್ತಿರಲಿಲ್ಲ. ಎಲ್ಲರೂ ದೇವರಿಗೆ ಒಂದೆರಡು ವಾರ ಕೊಟ್ಟು ಉಳಿದದ್ದನ್ನು ತಾವಿಟ್ಟುಕೊಂಡಿದ್ದರು. ಅವನೊಬ್ಬನದು ಮಾತ್ರ ಏಳೂ ವಾರ ಹೋಗಿತ್ತು. ಅದನ್ನು ಕೊಟ್ಟವನೂ ಅವನಲ್ಲ, ಅವನ ಅಮ್ಮ.

ಇಪ್ಪತ್ತಾರು ವರ್ಷದ ಕೆಳಗೆ, ಮಗಳಿಗೆ ನಾಲ್ಕು ತುಂಬಿದ್ದಾಗ, ಮೈ ಕೆಂಡವಾಗಿ ಆಸ್ಪತ್ರೆ ಸೇರಿತ್ತು ಮಗು. ಮೂರನೆಯ ದಿನ ಅಮ್ಮ ಕಾರಿಡಾರಿನಲ್ಲಿ ಅವನನ್ನು ತಡೆದು ನಿಲ್ಲಿಸಿದ್ದಳು. "ನಿನ್ನ ಹೆಸರಲ್ಲಿ ಹೇಳ್ಕೊಂಡಿದೀನಿ ಕಣೋ. ಮಗು ಉಳಿದ್ರೆ ನೀನು ಇನ್ನು ಮಾಂಸ ತಿನ್ನಲ್ಲ ಅಂತ." ಅತ್ತೆಯ ಸೊತ್ತನ್ನು ಅಳಿಯ ದಾನ ಮಾಡಿದ ಅನ್ನುತ್ತಾರಲ್ಲ, ಹಾಗಾಯಿತು. ಮರುದಿನ ಜ್ವರ ಇಳಿಯಿತು. ಇಳಿದ ಮೇಲೆ ಅಪ್ಪನಾದವನು ಏನು ಮಾತಾಡಿಯಾನು? ಮಾಂಸದ ಪಾತ್ರೆಗಳು ಅಟ್ಟ ಹತ್ತಿದವು. ಅಂಗಡಿಯಿಂದ ಬಂದು ಹಿತ್ತಲ ನಲ್ಲಿಯಲ್ಲಿ ತಲೆಗೆ ನೀರು ಹಾಕಿಕೊಳ್ಳದೆ ಅವನು ಒಳಗೆ ಕಾಲಿಡುವಂತಿರಲಿಲ್ಲ. ಹೆಂಡತಿ ತನ್ನ ಅಕ್ಕನ ಮನೆಯಲ್ಲಿ ಮಾಂಸದೂಟ ಉಂಡು ಬಾಯಿ ತೊಳೆದು ಬರುತ್ತಿದ್ದಳು, ಅವನು ಗೊತ್ತಿಲ್ಲದವನ ಹಾಗೆ ಇರುತ್ತಿದ್ದ.

ಈ ವರ್ಷ ಅವನಿಗೆ ಕಣ್ಣು ಕತ್ತಲೆ ಬರುವುದಕ್ಕೆ ಶುರುವಾಯಿತು. ಒಂದು ಭಾನುವಾರ, ಜನ ತುಂಬಿದ್ದಾಗಲೇ, ಕತ್ತಿ ಎತ್ತಿದವನು ಹಾಗೇ ಗೋಡೆಗೆ ಒರಗಿ ಕುಸಿದ. ಎಡಗೈ ಬೆರಳು ಉಳಿದದ್ದೇ ಪುಣ್ಯ. ಡಾಕ್ಟರು ರಕ್ತ ತೀರಾ ಕಡಿಮೆ ಅಂದರು. ಕೊಟ್ಟ ಮಾತ್ರೆ ಹೊಟ್ಟೆಗೆ ಹಿಡಿಸಲಿಲ್ಲ. "ಲಿವರ್ ತಿನ್ನಿ, ಮಾಂಸ ತಿನ್ನಿ. ಎಲ್ಲಾದ್ರೂ ಒಳ್ಳೇದು ಸಿಗುತ್ತಾ ನೋಡಿ," ಅಂದರು ಪಾಪ. ಅವರಿಗೇನು ಗೊತ್ತು? ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆ ಅವನಿಗೇ ಮಾಡಿಸಿದ ಹಾಗಿತ್ತು.

ಮಗಳು ಫೋನಿನಲ್ಲಿ ರೇಗಿದಳು. "ಅಪ್ಪಾ, ಸುಮ್ನೆ ತಿನ್ನು. ನನಗೇನೂ ಆಗಲ್ಲ." ಆಕೆ ಈಗ ಏಳು ತಿಂಗಳ ಬಸುರಿ. ಅವಳು ಹಾಗೆ ಅಂದದ್ದಕ್ಕೇ ಅವನಿಗೆ ಇನ್ನಷ್ಟು ಹೆದರಿಕೆಯಾಯಿತು. ಕೊಟ್ಟ ಮಾತು ಮುರಿದರೆ ದೇವರು ಯಾರನ್ನು ಕೇಳುತ್ತಾನೆ? ತಿಂದವನನ್ನಲ್ಲ, ಯಾರಿಗೋಸ್ಕರ ಬಿಟ್ಟದ್ದೋ ಅವಳನ್ನು. ಹರಕೆ ಹೊತ್ತವಳೇ ಅದನ್ನು ಇಳಿಸಬೇಕು. ಅಮ್ಮನಿಗೋ ಎಂಬತ್ತೊಂದು, ಬೆಳಗ್ಗೆ ಹೇಳಿದ್ದು ಮಧ್ಯಾಹ್ನಕ್ಕೆ ಮರೆಯುತ್ತಿತ್ತು. ಪೂರ್ತಿ ಮರೆತಳೋ, ಅವನ ಬಾಯಿಗೆ ಹಾಕಿದ ಬೀಗದ ಕೈ ಅವಳ ಜೊತೆಗೇ ಹೋಯಿತು.

ಅಮ್ಮ ಅಡುಗೆಮನೆಯ ಹೊಸ್ತಿಲ ಬಳಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಅವನು ಒದ್ದೆ ತಲೆಯಲ್ಲೇ ಎದುರು ಕೂತ.

"ಅಮ್ಮಾ, ಅವತ್ತು ಆಸ್ಪತ್ರೇಲಿ ದೇವರಿಗೆ ಏನಂತ ಹೇಳ್ಕೊಂಡೆ?"

"ಈಗ್ಯಾಕೋ ಅದು?"

"ನನ್ನ ಕೈಲಿ ಆಗ್ತಿಲ್ಲಮ್ಮ. ನೀನು ಹೊರಿಸಿದ್ದು, ನೀನೇ ಇಳಿಸು." ಅಷ್ಟಕ್ಕೇ ನಿಲ್ಲಿಸಬೇಕೆಂದಿದ್ದ. ಆದರೆ ಇಪ್ಪತ್ತಾರು ವರ್ಷದಿಂದ ಗಂಟಲಲ್ಲಿ ಕೂತದ್ದು ಹೊರಗೆ ಬಂದೇಬಿಟ್ಟಿತು. "ಬಿಡೋದಿದ್ರೆ ನಿಂದು ಬಿಡಬೇಕಿತ್ತು. ನಂದ್ಯಾಕೆ ಎತ್ತಿ ಕೊಟ್ಟೆ?"

ಅಮ್ಮ ಸುಲಿಯುವುದನ್ನು ನಿಲ್ಲಿಸಿದಳು. ಬೆಳಗ್ಗಿನದು ನೆನಪಿರದ ಮುದುಕಿಗೆ ಅದೊಂದು ದಿನ ಮಾತ್ರ ಚಾಚೂ ತಪ್ಪದೆ ನೆನಪಿತ್ತು.

"ನಂದೇ ಮೊದಲು ಕೊಟ್ಟೆ ಕಣೋ. ಸೋಮವಾರ ಸಂಜೆ ಕೊಟ್ಟೆ. ಮಂಗಳವಾರ ಇಡೀ ದಿನ ಕಾದೆ. ಜ್ವರ ಇಳೀಲಿಲ್ಲ. ನಂದು ಸಾಲಲಿಲ್ಲ." ಸಿಪ್ಪೆ ಪಕ್ಕಕ್ಕೆ ಗುಡಿಸಿ ಅಂದಳು, "ನಿನಗೆ ಅದಂದ್ರೆ ಪ್ರಾಣ. ಚಿಕ್ಕೋನಿದ್ದಾಗ ಮೂಳೇನೂ ಬಿಡ್ತಿರಲಿಲ್ಲ. ಅದಕ್ಕೇ ನಿಂದು ಕೊಟ್ಟೆ. ಬುಧವಾರ ಬೆಳಗ್ಗೆ ಮಗು ನೀರು ಕೇಳ್ತು."

"ನಿಂದೂ ಕೊಟ್ಟಿದೀಯ ಅಂತ ಒಂದು ದಿನ ಹೇಳಲಿಲ್ಲವಲ್ಲಮ್ಮ."

"ನಿಂದು ನೀನು ನಡೆಸಬೇಕಿತ್ತು, ಹೇಳಿದೆ. ನಂದು ನಾನು ನಡೆಸೋದಕ್ಕೆ ಡಂಗುರ ಹೊಡೀಬೇಕಿತ್ತಾ?"

ಅವನಿಗೆ ಮದುವೆಮನೆಗಳ ಬಾಡೂಟದ ಸಾಲುಗಳು ನೆನಪಾದವು. ಪ್ರತಿ ಸಲವೂ ಅಮ್ಮ ಎಲೆಗೆ ಕೈ ಅಡ್ಡ ಹಿಡಿದು, "ಹಲ್ಲಿಲ್ಲ ಕಣಪ್ಪಾ, ನನಗೆ ಬೇಡ," ಅನ್ನುತ್ತಿದ್ದಳು. ಆಗ ಅವಳಿಗೆ ಐವತ್ತೈದು. ಮನೆಯಲ್ಲಿ ಅಡಿಕೆ ಕಡಿಯುತ್ತಿದ್ದ ಹಲ್ಲು ಮದುವೆಮನೆಯಲ್ಲಿ ಎಲ್ಲಿ ಹೋಗುತ್ತಿತ್ತು? ದಿನವೆಲ್ಲ ಮೂಳೆ ಎಣಿಸುವ ಮನುಷ್ಯ ತನ್ನ ತಾಯಿಯ ಬಾಯಲ್ಲಿ ಹಲ್ಲು ಇದೆಯೋ ಇಲ್ಲವೋ ನೋಡಿರಲಿಲ್ಲ. ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಅಮ್ಮ ಗೋಡೆ ಹಿಡಿದು ಎದ್ದು, ದೇವರ ಮುಂದೆ ದೀಪ ಹಚ್ಚಿದಳು. ಪಕ್ಕದ ಮನೆಯವಳ ಜೊತೆ ಮಾತಾಡುವ ದನಿಯಲ್ಲೇ ಮಾತಾಡಿದಳು. "ಮಗು ಉಳೀತು, ದೊಡ್ಡದಾಯ್ತು, ಈಗ ಅದೇ ಬಸುರಿ. ಇವನು ನಡೆದು ನಡೆದು ಸೋತಿದಾನೆ. ಇವನದು ಇವನಿಗೆ ವಾಪಸ್ ಕೊಟ್ಟುಬಿಡು. ನಂದು ಇಟ್ಕೋ. ನಾನಿರೋವರೆಗೂ ಅದು ನಿಂದೇ."

"ನಿಂದೂ ವಾಪಸ್ ತಗೊಳ್ಳಮ್ಮ," ಅಂದ ಅವನು.

"ಸುಮ್ನಿರೋ. ಒಬ್ಬರದಾದ್ರೂ ಅಲ್ಲಿರಲಿ."

ಭಾನುವಾರ ಮಧ್ಯಾಹ್ನ ಹೆಂಡತಿ ಅಟ್ಟದಿಂದ ಪಾತ್ರೆ ಇಳಿಸಿ, ಹುಣಸೆಹಣ್ಣು ಹಾಕಿ ತಿಕ್ಕಿದಳು. ಕೈ ಅಭ್ಯಾಸ ತಪ್ಪಿ ಗಡಿಬಿಡಿಯಾಗುತ್ತಿತ್ತು. ಅಮ್ಮ ಹೊಸ್ತಿಲಾಚೆ ಕೂತೇ, "ಮೆಣಸು ಇನ್ನೊಂದು ಚೂರು... ಈಗ ಮುಚ್ಚು... ಹಾಂ, ಈಗ ಘಮ ಬಂತು," ಅನ್ನುತ್ತ ಮಾಡಿಸಿದಳು. ತಟ್ಟೆ ಬಂತು. ಮೊದಲ ತುತ್ತಿಗೇ ಕಣ್ಣು ತುಂಬಿತು. ಮೆಣಸಿನ ಖಾರ ಅಂದುಕೊಳ್ಳಲಿ ಎಂದು ಮೂಗು ಎಳೆದುಕೊಂಡ. ಅಯ್ಯೋ, ಆ ರುಚಿ! ಮರೆತೇಹೋಗಿದೆ ಎಂದುಕೊಂಡಿದ್ದ, ನಾಲಗೆ ಏನನ್ನೂ ಮರೆತಿರಲಿಲ್ಲ.

"ಹೆಂಗಿದೆಯೋ?" ಎಂದು ಅಮ್ಮ ಹೊಸ್ತಿಲಿಂದ ಕತ್ತು ಚಾಚಿದಳು.

"ಏನಿಲ್ಲ ಬಿಡಮ್ಮ," ಅಂದ ಅವನು, ಬೆರಳು ಒರೆಸಿಕೊಳ್ಳುತ್ತ. "ಈಗಿನ ಮಾಂಸದಲ್ಲಿ ಅಂಥ ರುಚಿಯೇ ಉಳಿದಿಲ್ಲ. ನೀನೇನೂ ಕಳ್ಕೊಂಡಿಲ್ಲ."

ಅಮ್ಮ ಅವನ ತಟ್ಟೆಯನ್ನೇ ನೋಡಿದಳು. ಅದರಲ್ಲಿ ತೊಳೆಯುವುದಕ್ಕೂ ಏನೂ ಉಳಿದಿರಲಿಲ್ಲ.

"ಕತ್ತೆ, ಸುಳ್ಳು ಹೇಳೋಕೂ ಬರಲ್ಲ ನಿಂಗೆ," ಅಂದಳು. ಆಮೇಲೆ ಒಳಗೆ ತಿರುಗಿ ಸೊಸೆಯನ್ನು ಕೂಗಿದಳು. "ಇವನಿಗೆ ಇನ್ನೊಂದು ಸೌಟು ಹಾಕಮ್ಮ."