ಬತ್ತೀನಿ ಅಂದವರು

ನಮ್ಮ ತಿಪಟೂರು ಸೀಮೆಯಲ್ಲಿ ಬೀಡಿ ಸೇದುವ ನೆಂಟರು ಎಷ್ಟೇ ಗಣ್ಯರಾಗಿರಲಿ, ಅವರ ಉಪಚಾರವೆಲ್ಲ ಅಂಗಳದಲ್ಲೇ ನಡೆಯುತ್ತದೆ. ಇದರಲ್ಲಿ ಅನಾದರವೇನೂ ಇಲ್ಲ. ಒಳಗೆ ತಲೆಯ ಮೇಲೆ ಅಟ್ಟ, ಅಟ್ಟದ ತುಂಬ ಸಿಪ್ಪೆ ಸಮೇತ ಒಣಗುತ್ತಿರುವ ತೆಂಗಿನಕಾಯಿ. ವರ್ಷಗಟ್ಟಲೆ ಅಲ್ಲೇ ಬಿದ್ದಿದ್ದು, ನೀರಿಂಗಿ ಕೊಬ್ಬರಿಯಾಗುವ ಆ ಕಾಯಿಗಳ ಕೆಳಗೇ ನಾವು ಉಣ್ಣುತ್ತೇವೆ, ಜಗಳವಾಡುತ್ತೇವೆ, ಚಾಪೆ ಹಾಸಿ ನಿಶ್ಚಿಂತೆಯಿಂದ ಗೊರಕೆ ಹೊಡೆಯುತ್ತೇವೆ. ನನ್ನ ಮದುವೆಯ ಹೊಸದರಲ್ಲಿ ಮಾವನವರು ಬಿಳಿಗೆರೆಯ ನಮ್ಮ ಮನೆಯಲ್ಲಿ ಕೂತು ಬೀಡಿ ಕಟ್ಟು ಬಿಚ್ಚಿದಾಗ, ನಮ್ಮಮ್ಮ ಅವರ ಕಾಫಿ ಲೋಟವನ್ನು ಎತ್ತಿಕೊಂಡು ಹೋಗಿ ಅಂಗಳದ ಕಲ್ಲಿನ ಮೇಲಿಟ್ಟು ಬಂದರು. ಮಾವನವರು ಲೋಟದ ಹಿಂದೆಯೇ ಹೋದರು.

ಈ ಪ್ರಸಂಗವನ್ನು ನಾನು ಇಂಟರ್‌ನೆಟ್ಟಿನಲ್ಲಿ ಬರೆದದ್ದೇ ಎಲ್ಲಕ್ಕೂ ಮೂಲ. ಮೊಬೈಲು ಇನ್ನೂ ಬರೀ ಮಾತಿಗಷ್ಟೇ ಒದಗುತ್ತಿದ್ದ ಕಾಲವದು. ತಿಪಟೂರಿನಲ್ಲಿ ರುದ್ರಪ್ಪನವರೆಂಬ ಹಿರಿಯರು ತಮ್ಮ ಟೈಪಿಂಗ್ ಶಾಲೆಯ ಯಂತ್ರಗಳನ್ನು ಗೋಡೆಗೆ ಸರಿಸಿ, ನಾಲ್ಕು ಕಂಪ್ಯೂಟರ್ ಇಟ್ಟು ಸೈಬರ್ ಸೆಂಟರ್ ತೆರೆದಿದ್ದರು. ಹೈಸ್ಕೂಲಿನ ಕನ್ನಡ ಮೇಷ್ಟ್ರಾದ ನನ್ನಲ್ಲಿ ಸಂಪಾದಕರು ವಿಷಾದಪೂರ್ವಕವಾಗಿ ಹಿಂದಿರುಗಿಸಿದ ಲೇಖನಗಳ ಸಮೃದ್ಧ ಭಂಡಾರವೇ ಇತ್ತು. ಸಂಪಾದಕರೇ ಇಲ್ಲದ ಲೋಕವೊಂದಿದೆ ಎಂದು ತಿಳಿದ ದಿನ ನನಗೆ ಸ್ವರ್ಗಕ್ಕೆ ಮೂರೇ ಗೇಣು. ಬ್ಲಾಗು ತೆರೆದೆ, ವಾರಕ್ಕೊಮ್ಮೆ ಬರೆಯುವುದು, ಯಾರಾದರೂ ಹೊಗಳಿದ್ದಾರೆಯೇ ಎಂದು ದಿನಕ್ಕೆರಡು ಸಲ ಹೋಗಿ ನೋಡುವುದು.

ಹಾಗೆ ಓದುತ್ತಿದ್ದವರಲ್ಲಿ ಚಿತ್ತಯ್ಯನೆಂಬವರೊಬ್ಬರು. ಚಿಕ್ಕನಾಯಕನಹಳ್ಳಿ ಕಡೆಯ ಒಂದು ಕುರಿಗಾರರ ಹಟ್ಟಿಯವರು, ಪ್ರೈಮರಿ ಶಾಲೆಯ ಮೇಷ್ಟ್ರು. ತಮ್ಮ ಅವ್ವನ ಬಗ್ಗೆ, ಕುರಿಗಳ ಬಗ್ಗೆ ತಾವೂ ಒಂದು ಬ್ಲಾಗು ಬರೆಯುತ್ತಿದ್ದರು. ನನ್ನ ಅಟ್ಟದ ಬರಹ ಓದಿ ಅವರು ಕೆಳಗೆ ಬರೆದರು: "ಚೆನ್ನಾಗಿದೆ ಸಾರ್. ಆದರೆ ಕಾಯಿ ಅಲ್ಲಾಡಿಸಿದರೆ ಮೊದಲು ನೀರಿನ ಸದ್ದು, ಆಮೇಲೆ ಬಹಳ ದಿನ ಸದ್ದೇ ಇರಲ್ಲ, ಅದಾದ ಮೇಲೆ ಒಳಗೆ ಕೊಬ್ಬರಿ ಗಡಗಡ ಅನ್ನೋದು. ನಡುವಿನದನ್ನು ಬಿಟ್ಟಿದ್ದೀರಿ." ನೋಡಿ, ಮೇಷ್ಟ್ರೊಬ್ಬನನ್ನು ಹತ್ತು ಜನರೆದುರು ತಿದ್ದುವುದು ಒಂದು ಅಪರಾಧ, ತಿದ್ದಿದ್ದು ಸರಿಯಾಗಿರುವುದು ಅದಕ್ಕಿಂತ ದೊಡ್ಡ ಅಪರಾಧ. ನಾನು ಉತ್ತರ ಬರೆಯಲಿಲ್ಲ.

ಅದಾಗಿ ನಾಲ್ಕು ದಿನಕ್ಕೆ ಹೆಸರಿಲ್ಲದವನೊಬ್ಬ ಬಂದ. ಮೊದಲು ನನ್ನ ಭಾಷೆಯನ್ನು ಬೈದ, ಆಮೇಲೆ ನನ್ನ ಜನ್ಮವನ್ನು, ಆಮೇಲೆ ಇಲ್ಲಿ ಬರೆಯಲಾಗದ್ದನ್ನು. ಕೊನೆಗೆ ಒಂದೇ ಸಾಲು: "ಅಟ್ಟದ ಕೆಳಗೆ ಮಲಗುವ ಮೇಷ್ಟ್ರೇ, ಒಂದು ಬೆಂಕಿಕಡ್ಡಿ ಸಾಕು. ಬರ್ತೀನಿ."

ರುದ್ರಪ್ಪನವರು ಹಿಂದಿನಿಂದ ಬಗ್ಗಿ ಓದಿ, "ಬೈಯೋರು ಬೈಕೊಳ್ಲಿ ಬುಡಿ ಮೇಷ್ಟ್ರೆ. ಉತ್ರ ಕೊಡಬ್ಯಾಡಿ, ಅಳಿಸಾಕಿ ಮನೇಗ್ ನಡೀರಿ," ಎಂದರು. ಇಷ್ಟು ಒಳ್ಳೆಯ ಬುದ್ಧಿಮಾತನ್ನು ನಾನು ಅದಕ್ಕೆ ಮುಂಚೆಯೂ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ, ಆವತ್ತಂತೂ ಕೇಳಲೇ ಇಲ್ಲ. ಮನೆಗೆ ಬಂದರೆ ಅಮ್ಮ ಅಟ್ಟದ ಕೆಳಗೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಮೇಲೆ ಇಡೀ ವರ್ಷದ ಕಾಯಿ, ಕೆಳಗೆ ಹೆತ್ತ ತಾಯಿ, ನಡುವೆ ಹಳೆಯ ಮರದ ಹಲಗೆ. ಬೆದರಿಕೆಯ ಸಂಗತಿ ಬಚ್ಚಿಟ್ಟು ನಾನೂ ಅವರೆಕಾಯಿ ಸುಲಿಯಲು ಕೂತೆ. ರಾತ್ರಿ ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ. ಮರುದಿನ ಬಸ್ಸಿನಲ್ಲಿ ಪಕ್ಕದವನು ಜೇಬಿಗೆ ಕೈಹಾಕಿದಾಗ ನಾನು ಎದ್ದು ನಿಂತೇಬಿಟ್ಟೆ. ಅವನು ಬಾಚಣಿಗೆ ತೆಗೆದು ತಲೆ ಬಾಚಿಕೊಂಡ.

ಭಯಕ್ಕೊಂದು ಕೆಟ್ಟ ಚಾಳಿಯಿದೆ: ಅದಕ್ಕೆ ಒಂದು ಮುಖ ಬೇಕು. ಹೆಸರಿಲ್ಲದವನಿಗೆ ಎಷ್ಟು ದಿನ ಹೆದರುವುದು? ನಾನು ತರ್ಕಶಾಸ್ತ್ರಕ್ಕೆ ಇಳಿದೆ. ನಾವು ಅಟ್ಟದ ಕೆಳಗೆ ಮಲಗುತ್ತೇವೆಂಬುದು ಯಾರಿಗೆ ಗೊತ್ತು? ನಮ್ಮ ಕಡೆಯವರಿಗೆ. ನಮ್ಮ ಕಡೆಯವರಲ್ಲಿ ನನ್ನ ಬರಹದಲ್ಲಿ ಹುಳುಕು ಹುಡುಕಿದವರು ಯಾರು? ಚಿತ್ತಯ್ಯ. ಸಿಕ್ಕಿಬಿದ್ದ ಎಂದುಕೊಂಡೆ.

ಆವತ್ತೇ ಅವರ ಬ್ಲಾಗಿಗೆ ಹೋಗಿ, ಹೆಸರು ಹಾಕದೆ ಬರೆದೆ: "ನಿನ್ನ ಕುರಿ ರೊಪ್ಪದ ಮುಳ್ಳುಬೇಲಿ ಚೆನ್ನಾಗಿ ಒಣಗಿದೆ. ಬರ್ತೀನಿ." ರೊಪ್ಪವೆಂದರೆ ಕುರಿ ಕೂಡುವ ಜಾಗ. ಕಾಗುಣಿತ ಸರಿಯಿದೆಯೇ ಎಂದು ಎರಡು ಸಲ ನೋಡಿ ಕಳಿಸಿದೆ. ಹೇಳಲು ನಾಚಿಕೆಯಾಗುತ್ತದೆ, ಆ ದಿನ ನನಗೆ ಹಸಿವು ಮರಳಿತು. ಎರಡು ಮುದ್ದೆ ಉಂಡೆ.

ವಾರ ಬಿಟ್ಟು ನೋಡಿದರೆ ಚಿತ್ತಯ್ಯನವರ ಬರಹವೊಂದಿತ್ತು, ನಾಲ್ಕೇ ಸಾಲು. "ಯಾರೋ ನಮ್ಮ ರೊಪ್ಪಕ್ಕೆ ಬೆಂಕಿ ಇಡುತ್ತಾರಂತೆ. ಅವ್ವನಿಗೆ ಹೇಳಬಾರದಿತ್ತು, ಹೇಳಿಬಿಟ್ಟೆ. ಬೇಲಿ ಬಾಗಿಲಲ್ಲಿ ದೊಣ್ಣೆ ಹಿಡಿದು ಕೂತವಳು ಏಳುತ್ತಿಲ್ಲ. ಮನೆಯ ವಿಷಯವನ್ನೆಲ್ಲ ಬರೆದದ್ದು ನನ್ನದೇ ತಪ್ಪು, ಇನ್ನು ಬರೆಯುವುದಿಲ್ಲ."

ಆಗ ನನಗೆ ಹೊಳೆಯಿತು. ಅವರ ಮುಳ್ಳುಬೇಲಿ ನನಗೆ ಗೊತ್ತಾದದ್ದು ಹೇಗೆ? ಅವರೇ ಬರೆದಿದ್ದರು. ನನ್ನ ಅಟ್ಟವನ್ನು, ಅದರ ಕೆಳಗಿನ ಚಾಪೆಯನ್ನು, ಗೊರಕೆಯನ್ನು ಊರಿಗೆಲ್ಲ ಸಾರಿದವನು ನಾನೇ. ಯಾವ ದೇಶದಲ್ಲಿ ಕೂತವನಾದರೂ ಅದನ್ನು ಓದಿ ಆ ಸಾಲು ಬರೆಯಬಹುದಿತ್ತು. ಅಲ್ಲಿಯವರೆಗೆ ಬೇರೆಯವರಿಗೆ ಹೆದರುತ್ತಿದ್ದವನು ಅವತ್ತಿನಿಂದ ನನಗೇ ಹೆದರತೊಡಗಿದೆ, ಮತ್ತು ಈ ಭಯಕ್ಕೆ ಮುಖ ಹುಡುಕುವ ತೊಂದರೆಯೂ ಇರಲಿಲ್ಲ.

ಭಾನುವಾರ ಚಿಕ್ಕನಾಯಕನಹಳ್ಳಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಇಳಿದು ವಾಪಸ್ಸಾಗಲು ನೆಪ ಹುಡುಕಿದೆ. ಹಟ್ಟಿ ತಲುಪಿದಾಗ ಬೇಲಿಯ ಬಾಗಿಲಲ್ಲಿ ಕಂಬಳಿ ಹೊದ್ದ ಮುದುಕಿ ಬಿಸಿಲಲ್ಲೇ ಕೂತಿದ್ದಳು, ತೊಡೆಯ ಮೇಲೆ ದೊಣ್ಣೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಜೇಬ್ನಾಗೆ ಕಡ್ಡಿಪೆಟ್ಗೆ ಏನಾರ ಐತೇನಪ್ಪ?" ಎಂದಳು. ನಾನು ಜೇಬನ್ನು ಹೊರಗೆಳೆದು ತೋರಿಸಿದೆ.

ಚಿತ್ತಯ್ಯ ಓಡಿ ಬಂದರು. ನನ್ನ ಹೆಸರು ಕೇಳಿ ಅವರಿಗೆ ಹಿಡಿಸಲಾರದಷ್ಟು ಸಂತೋಷ; ಜಗಲಿಯ ಮೇಲೆ ಕೂರಿಸಿ, ದೊಡ್ಡ ಲೋಟದಲ್ಲಿ ಮಜ್ಜಿಗೆ ತಂದುಕೊಟ್ಟರು. "ನಿಮಗೂ ಅದ್ಯಾವನೋ ಹಂಗೇ ಬರೆದವ್ನಲ್ಲ ಸಾರ್, ಓದ್ದೆ. ಅಮ್ಮಾರು ಮನೇಲವ್ರೆ, ವಸಿ ಹುಷಾರಾಗಿರಿ," ಎಂದರು. ನಾನು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟೆ.

"ನಿಮಗೆ ಬರೆದವನು ನಾನೇ ಕಣ್ರೀ," ಎಂದೆ.

ಅವರು ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬೇಲಿಯ ಕಡೆ ತಿರುಗಿ ಕೂಗಿದರು:

"ಅವ್ವ, ದೊಣ್ಣೆ ಮಡಗಿ ಒಳಕ್ ಬಾ. ಇನ್ನು ಕಾಯಾದು ಬ್ಯಾಡ. ಬತ್ತೀನಿ ಅಂದೋರು ಬಂದವ್ರೆ, ಮಜ್ಜಿಗೆ ಕುಡೀತಾವ್ರೆ."