ಆಡದವರ ಜಾಗ

ಡಾಕ್ಟರು ಇನ್ನು ಆಟ ಬೇಡ ಅಂದಮೇಲೂ ನಮ್ಮನೆಯವರು ಶನಿವಾರ ತಪ್ಪಿಸಲಿಲ್ಲ. ಮೆಲ್ಬರ್ನಿನ ಅಂಚಿನ ಟ್ರುಗನಿನಾದಲ್ಲಿ, ಗೋಡೌನುಗಳ ಸಾಲಿನಲ್ಲಿ ಒಂದು ತಗಡಿನ ಶೆಡ್ಡು, ಒಳಗೆ ಬ್ಯಾಡ್ಮಿಂಟನ್ ಕೋರ್ಟುಗಳು. ನಮ್ಮ ಕಡೆಯ ಹುಡುಗರು ಆಡುತ್ತಿದ್ದರು, ಇವರು ಬೆಂಚಿನ ಮೇಲೆ ಕೂತು ಸ್ಕೋರು ಹೇಳುತ್ತಿದ್ದರು. ಪಕ್ಕದಲ್ಲಿ ನಾನು, ಚಿತ್ರಾನ್ನದ ಡಬ್ಬಿ.

"ಅಂಕಲ್, ಅದು ಲೈನ್ ಮೇಲೆ ಬಿತ್ತು. ಕನ್ನಡಕ ಬದಲಾಯಿಸ್ಕೊಳ್ಳಿ."

"ಮೊದ್ಲು ನಿನ್ನ ಹೊಟ್ಟೆ ಇಳಿಸ್ಕೊಳೋ, ಆಮೇಲೆ ನನ್ನ ಕನ್ನಡಕ ನೋಡೋಣ."

ಮೊದಲಿದ್ದ ಊರು ಬ್ಲ್ಯಾಕ್‌ಟೌನ್ ಬಿಟ್ಟು ಮೆಲ್ಬರ್ನಿಗೆ ಬಂದಮೇಲೆ ಇವರಿಗೆ ಈ ಹುಡುಗರನ್ನು ಬಿಟ್ಟರೆ ಬೇರೆ ಜನ ಸಿಕ್ಕಿರಲಿಲ್ಲ. ಹಾರ್ಟ್ ಆಪರೇಷನ್ ಆಗಿ ಕೆಲಸವೂ ಹೋದಮೇಲೆ ಮನೆಯಲ್ಲಿ ಮಾತೇ ನಿಂತಿತ್ತು. ಆ ಬೆಂಚಿನ ಮೇಲೆ ಮಾತ್ರ ಮೊದಲಿನ ಮನುಷ್ಯರಾಗುತ್ತಿದ್ದರು.

ಕಳೆದ ಚಳಿಗಾಲ ಸಿಟಿಯಲ್ಲಿ ಒಂದು ಹಳೇ ಥರದ ಕೋರ್ಟು ನೋಡಲು ಹೋದೆವು. ಈಗಿನ ಟೆನಿಸ್‌ಗಿಂತ ಮುಂಚಿನ ಆಟ ಅದು. ನಾಲ್ಕು ಗೋಡೆಗಳ ಒಳಗೆ, ಗೋಡೆಗೆ ಹೊಂದಿಸಿ ಕಟ್ಟಿದ ಇಳಿಜಾರು ಮಾಡಿನ ಮೇಲೆ ಚೆಂಡು ಉರುಳಿಸಿ ಶುರು ಮಾಡುತ್ತಾರೆ. ತೋರಿಸಿದಾಕೆ ಹೇಳಿದಳು, ಒಂದು ಕಾಲಕ್ಕೆ ಪ್ಯಾರಿಸ್ಸಿನ ಬೀದಿಬೀದಿಯಲ್ಲೂ ಇಂಥವು ಇದ್ದವಂತೆ. ಆಡುವವರ ಜೊತೆಗೆ ನೋಡುವವರು, ಬಾಜಿ ಕಟ್ಟುವವರು, ಬರೀ ಹರಟೆಗೆ ಬರುವವರು. ಅವರು ಕೂರುವ ಗೂಡಿಗೆ ಚೆಂಡು ಹೊಕ್ಕರೆ ಅದಕ್ಕೂ ಪಾಯಿಂಟು. ಆಟದ ಹುಚ್ಚು ಇಳಿದಮೇಲೆ ಎಷ್ಟೋ ಕೋರ್ಟುಗಳಿಗೆ ನಾಟಕದವರು ಬಂದರು, ಕೆಲವು ಉಗ್ರಾಣಗಳಾದವು.

ನೋಡೋಕೆ ಬರುತ್ತಿದ್ದವರು ಎಲ್ಲಿಗೆ ಹೋದರು ಅಂತ ಇವರು ಕೇಳಿದರು. ನಾಟಕ ನೋಡಿರಬೇಕು ಅಂತ ಆಕೆ ನಕ್ಕಳು. ಇವರು ನಗಲಿಲ್ಲ. ನಮ್ಮ ಶೆಡ್ಡನ್ನೂ ಪಾರ್ಸೆಲ್ ಗೋಡೌನಿಗೆ ಕೊಡುತ್ತಾರೆ ಅನ್ನುವ ಸುದ್ದಿ ಆಗಲೇ ಕಿವಿಗೆ ಬಿದ್ದಿತ್ತು.

ಕೊಟ್ಟೇಬಿಟ್ಟರು. ಹುಡುಗರಲ್ಲಿ ಅರ್ಧ ಜನ ಊರಿನ ಇನ್ನೊಂದು ತುದಿಯ ಕ್ಲೈಡ್ ನಾರ್ತ್‌ನಲ್ಲಿ ಮನೆ ತಗೊಂಡಿದ್ದರು. ಅಲ್ಲೇ ಕೋರ್ಟ್ ಬುಕ್ ಮಾಡಿದರು. ಕೊನೆಯ ಶನಿವಾರ ಒಬ್ಬ ಹತ್ತಿರ ಬಂದ.

"ಅಂಕಲ್, ನಿಮ್ಗೆ ತುಂಬ ದೂರ ಆಗತ್ತೆ. ನೀವು ಹೇಗೂ ಆಡಲ್ವಲ್ಲ."

"ಹೌದಪ್ಪ, ನಾನೆಲ್ಲಿ ಆಡ್ತೀನಿ."

ಹುಡುಗ ಕೆಟ್ಟವನಲ್ಲ. ಒಳ್ಳೇದಕ್ಕೇ ಹೇಳಿದ.

ಕಾರಿನಲ್ಲಿ ನಾನಂದೆ, "ದೂರ ಆದ್ರೇನು, ನಾನು ಓಡಿಸ್ತೀನಿ. ಹೋಗೋಣ."

"ಯಾರೂ ಕರೀಲಿಲ್ವಲ್ಲೇ," ಅಂದರು.

ವಾಟ್ಸಾಪ್ ಗ್ರೂಪಿನಲ್ಲಿ ಇವರ ನಂಬರು ಈಗಲೂ ಇದೆ. ನಾಳೆ ಆಡೋಕೆ ಯಾರ್ಯಾರು ಬರ್ತೀರಿ ಅಂತ ಶುಕ್ರವಾರ ಸಂಜೆ ಮೆಸೇಜ್ ಬರುತ್ತದೆ. ಓದಿ ಫೋನು ಮಗುಚಿ ಇಡುತ್ತಾರೆ. ಬಟ್ಟೆ ಒಳಗೆ ತನ್ನಿ ಅಂದರೆ ಎದ್ದು ಹೋಗಿ ತರುತ್ತಾರೆ, ನನ್ನ ಪಕ್ಕ ಕೂತು ಮಡಿಸುತ್ತಾರೆ.